ಗಾಲೆ, ಮಲಕ್ಕಾ, ಜಾರ್ಜ್‌ಟೌನ್: ಯಾವ ವಸಾಹತು ನಗರಕ್ಕೆ ಯಾರು ಹೋಗಬೇಕು?

ಯುರೋಪಿನವರು ಕಡಲ ದಂಡೆಯಲ್ಲಿ ಕಟ್ಟಿ ಬಿಟ್ಟುಹೋದ ಹಳೆಯ ಊರೊಂದನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಬೇಕೆಂಬ ಆಸೆಯಿದ್ದು, ಲಿಸ್ಬನ್ನಿಗೋ ಆಮ್‌ಸ್ಟರ್‌ಡ್ಯಾಮಿಗೋ ಹೋಗುವಷ್ಟು ದುಡ್ಡಾಗಲಿ ರಜೆಯಾಗಲಿ ಇಲ್ಲದವರಿಗೆ, ನಮಗೆ ಹತ್ತಿರದಲ್ಲೇ ಮೂರು ಊರುಗಳಿವೆ. ಶ್ರೀಲಂಕಾದ ದಕ್ಷಿಣ ತುದಿಯ ಗಾಲೆ, ಮಲೇಷ್ಯಾದ ಮಲಕ್ಕಾ, ಅದೇ ದೇಶದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್‌ಟೌನ್. ಮೂರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಗಾಲೆ 1988ರಲ್ಲಿ ಸೇರಿತು, ಉಳಿದೆರಡು 2008ರಲ್ಲಿ ಜೋಡಿಯಾಗಿ ಸೇರಿದವು. ಪ್ರವಾಸೋದ್ಯಮದ ಚಿತ್ರಗಳಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ: ಹೆಂಚಿನ ಮಾಡು, ಕಮಾನಿನ ಜಗಲಿ, ಒಂದು ಚರ್ಚು, ಒಂದು ತೋಪು. ಬೇರೆ ಬೇರೆ ವರ್ಷಗಳಲ್ಲಿ ಮೂರನ್ನೂ ನೋಡಿಬಂದ ನನ್ನನ್ನು ಪರಿಚಿತರು ಮತ್ತೆ ಮತ್ತೆ ಕೇಳುವ ಪ್ರಶ್ನೆ, ಒಂದಕ್ಕೇ ಹೋಗುವುದಾದರೆ ಯಾವುದಕ್ಕೆ ಎಂಬುದು. ಅದಕ್ಕೆ ಒಂದು ಮಾತಿನ ಉತ್ತರ ನನ್ನಲ್ಲಿದೆ, ಜಾರ್ಜ್‌ಟೌನ್ ಎಂದು. ಆದರೆ ಅದು ಎಲ್ಲರಿಗೂ ಸಲ್ಲುವ ಉತ್ತರವಲ್ಲ. ಕಟ್ಟಿದವರು ಯಾರು ಎಂಬುದಕ್ಕಿಂತ, ಕಟ್ಟಿದವರು ಹೋದ ಮೇಲೆ ಅಲ್ಲಿ ಏನು ಉಳಿಯಿತು ಎಂಬುದನ್ನು ನೋಡಿ ಆರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಮೂರು ಊರುಗಳ ನಿಜವಾದ ವ್ಯತ್ಯಾಸ ಇರುವುದು ಅಲ್ಲೇ.

ಗಾಲೆ: ಗೋಡೆಯ ಮೇಲಿನ ನಡಿಗೆ

ಗಾಲೆಯಲ್ಲಿ ಕೋಟೆ ಇಡಿಯಾಗಿ ಉಳಿದಿದೆ. ಪೋರ್ಚುಗೀಸರು 16ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಕಟ್ಟಿದ್ದು ಸಣ್ಣ ಕೋಟೆ. 1640ರಲ್ಲಿ ಅದನ್ನು ವಶಪಡಿಸಿಕೊಂಡ ಡಚ್ಚರು ಭೂಶಿರವನ್ನೇ ಸುತ್ತುವರಿದು ದಪ್ಪ ಗೋಡೆ ಕಟ್ಟಿದರು. ನೆಲದ ಕಡೆಗೆ ಸೂರ್ಯ, ಚಂದ್ರ, ನಕ್ಷತ್ರ ಎಂಬ ಹೆಸರಿನ ಮೂರು ಬುರುಜುಗಳಿವೆ, ಉಳಿದ ಕಡೆಗಳಲ್ಲೆಲ್ಲ ಸಮುದ್ರವಿದೆ. ಹಳೆಯ ಹೆಬ್ಬಾಗಿಲಿನ ಹೊರಮುಖದಲ್ಲಿ ಬ್ರಿಟಿಷರ ರಾಜಲಾಂಛನ, ಒಳಮುಖದಲ್ಲಿ 1669ರ ಇಸವಿಯೊಂದಿಗೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗುರುತು ಮತ್ತು ಅದರ ಮೇಲೊಂದು ಹುಂಜ. 1796ರಲ್ಲಿ ಊರು ಕೈಬದಲಾದಾಗ ಹೊಸಬರು ಹೊರಗಿನ ಹಲಗೆಯನ್ನಷ್ಟೇ ಬದಲಿಸಿ ಒಳಗಿನದನ್ನು ಹಾಗೆಯೇ ಬಿಟ್ಟಂತೆ ಕಾಣುತ್ತದೆ, ಅಂಗಡಿ ಕೊಂಡವರು ಹಳೆಯ ಬೋರ್ಡನ್ನು ಹಿತ್ತಲಿಗೆ ಸರಿಸುವ ಹಾಗೆ.

ಇಷ್ಟು ದೊಡ್ಡ ಬಂದರು ಕೋಟೆ ಕೆಡದೆ ಉಳಿದದ್ದಕ್ಕೆ ಕಾರಣ ಅದರ ಸೋಲು. ಹಬೆಹಡಗುಗಳ ಕಾಲದಲ್ಲಿಯೂ ಗಾಲೆ ದ್ವೀಪದ ಮುಖ್ಯ ಬಂದರುಗಳಲ್ಲಿ ಒಂದಾಗಿತ್ತು. 1870ರ ದಶಕದಲ್ಲಿ ಕೊಲಂಬೊದಲ್ಲಿ ಅಲೆತಡೆಗೋಡೆಯ ಕೆಲಸ ಶುರುವಾದ ಮೇಲೆ ಹಡಗುಗಳು ಅತ್ತ ತಿರುಗಿದವು. ವ್ಯಾಪಾರ ಹೋದ ಊರಿನಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಆತುರ ಯಾರಿಗೂ ಇರಲಿಲ್ಲ. ಹಾಗಾಗಿ 1755ರ ಡಚ್ ಚರ್ಚು, ನೆಲಕ್ಕೆ ಹಾಸಿದ ಸಮಾಧಿಯ ಕಲ್ಲುಗಳ ಸಮೇತ, ಇವತ್ತಿಗೂ ಅಲ್ಲಿದೆ. ಲೇನ್ ಬಾನ್ ಬೀದಿ ಎಂಬ ಹೆಸರಿನಲ್ಲಿ, ಒಂದು ಕಾಲದಲ್ಲಿ ಅಲ್ಲಿ ಉದ್ದಕ್ಕೆ ಹಗ್ಗ ಹೊಸೆಯುತ್ತಿದ್ದ ನೆನಪು ಉಳಿದಿದೆ. ದೀಪಸ್ತಂಭದ ಎದುರಿನ ಬಿಳಿಯ ಮಸೀದಿಯನ್ನು ಮೊದಲ ನೋಟಕ್ಕೆ ಚರ್ಚೆಂದೇ ತಿಳಿಯುವುದು ನನ್ನೊಬ್ಬನ ತಪ್ಪಲ್ಲವೆಂದು ಆಮೇಲೆ ಗೊತ್ತಾಯಿತು. ಎರಡು ಗೋಪುರಗಳ ಆ ಕಟ್ಟಡ ಎಲ್ಲರನ್ನೂ ಹಾಗೆಯೇ ಏಮಾರಿಸುತ್ತದೆ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೋಟೆಯ ಹೊರಗಿನ ಹೊಸ ಪಟ್ಟಣ, ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಎಲ್ಲವೂ ನೀರಿನ ಪಾಲಾದಾಗ ಗೋಡೆಯೊಳಗಿನ ಊರು ಬಹುಮಟ್ಟಿಗೆ ಉಳಿದುಕೊಂಡಿತು. ಡಚ್ಚರು ತೋಪಿನ ಗುಂಡುಗಳಿಗೆಂದು ಕಟ್ಟಿದ ಗೋಡೆ ಮುನ್ನೂರು ವರ್ಷಗಳ ಬಳಿಕ ಅಲೆಯನ್ನು ತಡೆಯಿತು. ಆ ಮೈದಾನ 2007ರಲ್ಲಿ ಮತ್ತೆ ತೆರೆಯಿತು. 2010ರಲ್ಲಿ ಮುತ್ತಯ್ಯ ಮುರಳೀಧರನ್ ತಮ್ಮ ಕೊನೆಯ ಟೆಸ್ಟಿನಲ್ಲಿ ಭಾರತದ ವಿರುದ್ಧ 800ನೆಯ ವಿಕೆಟ್ ಪಡೆದದ್ದು ಅಲ್ಲಿಯೇ. ಟೆಸ್ಟ್ ಪಂದ್ಯದ ದಿನಗಳಲ್ಲಿ ಹೋದರೆ ಬುರುಜಿನ ಮೇಲಿನ ಹುಲ್ಲಿನಲ್ಲಿ ಕುಳಿತು ಆಟ ನೋಡುವವರ ಸಾಲು ಕಾಣುತ್ತದೆ.

ಇನ್ನು ಕೊರತೆಯ ಮಾತು. ಗೋಡೆಯ ಮೇಲಿನ ಸುತ್ತು ನಿಧಾನವಾಗಿ ನಡೆದರೂ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಒಳಗಿನ ಬೀದಿಗಳು ಅರ್ಧ ದಿನಕ್ಕೆ ಸಾಕು. ಮನೆಗಳಲ್ಲಿ ಬಹಳಷ್ಟು ಈಗ ತಂಗುದಾಣಗಳೂ ಕೆಫೆಗಳೂ ಒಡವೆಯ ಅಂಗಡಿಗಳೂ ಆಗಿವೆ. ಸಂಜೆ ಆರರ ಮೇಲೆ ಕೆಲವು ಬೀದಿಗಳಲ್ಲಿ ಊರಿನವರಿಗಿಂತ ನಮ್ಮಂಥವರೇ ಹೆಚ್ಚಾಗಿ ಓಡಾಡುತ್ತಿದ್ದರು. ನನ್ನ ತಾಯಿಯವರು ನನ್ನೊಂದಿಗಿದ್ದರು. ನೆಲ ಸಮತಟ್ಟಾಗಿದೆ, ದೂರ ಕಡಿಮೆ, ಕುಳಿತುಕೊಳ್ಳಲು ಎಲ್ಲೆಡೆಯೂ ಗೋಡೆಯಂಚಿದೆ ಎಂಬ ಕಾರಣಕ್ಕೆ ಅವರಿಗೆ ಮೂರರಲ್ಲಿ ಹಿಡಿಸಿದ್ದು ಇದೊಂದೇ. ಮೊಣಕಾಲು ನೋವಿನ ಹಿರಿಯರೂ ಚಿಕ್ಕ ಮಕ್ಕಳೂ ಇರುವ ಕುಟುಂಬಕ್ಕೆ ಹೆಚ್ಚು ಯೋಚಿಸದೆ ಗಾಲೆಯನ್ನೇ ಹೇಳುತ್ತೇನೆ. ಎರಡು ರಾತ್ರಿ ಸಾಕು. ಕೊಲಂಬೊದಿಂದ ಹೆದ್ದಾರಿಯಲ್ಲಿ ಬೇಗ ತಲುಪಬಹುದಾದರೂ ರೈಲಿನಲ್ಲಿಯೇ ಹೋಗಬೇಕು. ಹಳಿ ಹಲವೆಡೆ ಅಲೆಗಳಿಗೆ ಎಷ್ಟು ಹತ್ತಿರವಿದೆಯೆಂದರೆ ಕಿಟಕಿಯ ಸರಳು ಮುಟ್ಟಿದರೆ ಕೈಗೆ ಉಪ್ಪು ಹತ್ತುತ್ತದೆ.

ಮಲಕ್ಕಾ: ಮೂರು ದೊರೆತನಗಳ ತುಣುಕುಗಳು

ಇತಿಹಾಸವನ್ನು ಓದಿಕೊಂಡು ಹೋಗುವವರಿಗೆ ಮೂರರಲ್ಲಿ ದೊಡ್ಡ ಹೆಸರು ಮಲಕ್ಕಾದ್ದೇ. 1400ರ ಸುಮಾರಿಗೆ ಪರಮೇಶ್ವರನೆಂಬ ರಾಜಕುಮಾರ ಸ್ಥಾಪಿಸಿದ ಈ ಬಂದರಿಗೆ ಚೀನಾ, ಗುಜರಾತ್, ಜಾವಾ, ಅರಬ್ ದೇಶಗಳ ವರ್ತಕರು ಬರುತ್ತಿದ್ದರು. ಹೊನ್ನಾವರದ ಕಡಲನಾಯಕ ತಿಮೋಜನ ನೆರವಿನಿಂದ 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಸೇನಾನಿ ಅಲ್ಬುಕರ್ಕ್, ಮರುವರ್ಷವೇ ಇಲ್ಲಿಗೆ ಬಂದು ಮಲಕ್ಕಾವನ್ನೂ ಹಿಡಿದ. ಅಂದರೆ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಆರಂಭವಾದ ಒಂದು ಕಥೆಯ ಮುಂದಿನ ಅಧ್ಯಾಯ ಈ ಊರು. 1641ರಲ್ಲಿ ಡಚ್ಚರು ಬಂದರು. 1824ರ ಒಪ್ಪಂದದಲ್ಲಿ ಅವರು ಸುಮಾತ್ರದ ಬೆಂಕೂಲನ್ನಿಗೆ ಬದಲಾಗಿ ಮಲಕ್ಕಾವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು.

ಇಷ್ಟೆಲ್ಲ ಓದಿಕೊಂಡು ಹೋದವನಿಗೆ ಕಣ್ಣೆದುರು ಕಾಣುವುದು ಕಡಿಮೆ. ಫಾಮೊಸಾ ಎಂಬ ಹೆಸರಿನ ಪೋರ್ಚುಗೀಸರ ಮಹಾಕೋಟೆಯಲ್ಲಿ ಇಡಿಯಾಗಿ ನಿಂತಿರುವುದು ಒಂದು ಬಾಗಿಲು ಮಾತ್ರ. 1807ರಲ್ಲಿ ಬ್ರಿಟಿಷರೇ ಕೋಟೆಯನ್ನು ಸಿಡಿಮದ್ದಿಟ್ಟು ಕೆಡವಿದರು. ಮಲಕ್ಕಾ ಆಗ ಅವರಲ್ಲಿ ತಾತ್ಕಾಲಿಕವಾಗಿ ಇತ್ತು, ಡಚ್ಚರಿಗೆ ಹಿಂದಿರುಗಿಸುವಾಗ ಅದು ಪೆನಾಂಗಿಗೆ ಎದುರಾಳಿಯಾಗಬಾರದು ಎಂಬುದು ಅವರ ಲೆಕ್ಕ. ಆ ಒಂದು ಬಾಗಿಲು ಉಳಿದದ್ದು ಕಂಪನಿಯ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಅಡ್ಡಬಂದದ್ದರಿಂದ. ಅದಕ್ಕಿಂತ ವಿಚಿತ್ರವಾದದ್ದು, ಬಂದರು ಊರಿನಲ್ಲಿ ಕಡಲೇ ಕಾಣದಿರುವುದು. ಒಂದು ಕಾಲಕ್ಕೆ ದಂಡೆಯ ಬಳಿಯೇ ಇದ್ದ ಬಾಗಿಲಿನ ಮುಂದೆ ಸಮುದ್ರವನ್ನು ಮಣ್ಣು ತುಂಬಿ ಹಿಂದಕ್ಕೆ ಸರಿಸಲಾಗಿದೆ. ಈಗ ಅಲ್ಲಿ ವ್ಯಾಪಾರ ಮಳಿಗೆಗಳಿವೆ. ಗಾಲೆಯಲ್ಲಿ ಗೋಡೆಗೆ ಅಲೆ ಬಡಿಯುವುದನ್ನು ಕೇಳಿ ಬಂದವನಿಗೆ ಇದು ಒಗ್ಗುವುದಿಲ್ಲ.

ಕೆಂಪು ಚೌಕದ ಕೆಂಪು ಬಣ್ಣವೂ ಡಚ್ಚರದ್ದಲ್ಲ, ಆಮೇಲೆ ಬ್ರಿಟಿಷರ ಕಾಲದಲ್ಲಿ ಬಳಿದದ್ದು. ಅಲ್ಲಿನ ಹಳೆಯ ಆಡಳಿತ ಭವನ ಸ್ಟಾಟ್‌ಹೌಸ್ ಮತ್ತು 1753ರ ಕ್ರೈಸ್ಟ್ ಚರ್ಚು ನೋಡತಕ್ಕವೇ ಹೌದು, ಆದರೆ ಅವುಗಳ ಮುಂದೆ ಗೊಂಬೆ, ಪ್ಲಾಸ್ಟಿಕ್ ಹೂ, ಮಿಣುಕುದೀಪಗಳಿಂದ ಸಿಂಗರಿಸಿ, ಕಿವಿಗಡಚಿಕ್ಕುವ ಹಾಡು ಹಾಕಿಕೊಂಡು ನಿಲ್ಲುವ ಸೈಕಲ್ ರಿಕ್ಷಾಗಳ ನಡುವೆ ಐದು ನಿಮಿಷ ನೆಮ್ಮದಿಯಾಗಿ ನಿಲ್ಲುವುದು ಕಷ್ಟ. ಸವಾರಿಗೆ ಮುಂಚೆಯೇ ಬೆಲೆ ಮಾತಾಡಿಕೊಳ್ಳದೆ ಹತ್ತಿ ನಾನು ಎರಡರಷ್ಟು ತೆತ್ತೆ. ಓದುಗರು ಹಾಗೆ ಮಾಡಬಾರದು.

ಗುಡ್ಡದ ಮೇಲಿನ ಸೇಂಟ್ ಪಾಲ್ ಚರ್ಚಿನ ಪಾಳುಗೋಡೆಗಳ ನಡುವೆ ಮಾತ್ರ ಮಲಕ್ಕಾ ತನ್ನ ಹೆಸರಿಗೆ ತಕ್ಕಂತೆ ಇದೆ. 1521ರಲ್ಲಿ ಕಟ್ಟಿದ, ಈಗ ಮಾಡಿಲ್ಲದ ಈ ಚರ್ಚಿನಲ್ಲಿ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನು 1553ರಲ್ಲಿ ಕೆಲವು ತಿಂಗಳು ಹೂಳಲಾಗಿತ್ತು. ಆಮೇಲೆ ಅದನ್ನು ಗೋವೆಗೆ ಸಾಗಿಸಿದರು. ಹಳೆಯ ಗೋವೆಯ ಬೊಮ್ ಜೀಸಸ್ ಚರ್ಚಿನಲ್ಲಿ ಬೆಳ್ಳಿಯ ಪೆಟ್ಟಿಗೆಯನ್ನು ನೋಡಿದವರು ಇಲ್ಲಿ ನೆಲದಲ್ಲಿನ ಖಾಲಿ ಗುಂಡಿಯನ್ನು ನೋಡಬಹುದು. ಡಚ್ಚರು ಈ ಜಾಗವನ್ನು ಸ್ಮಶಾನವಾಗಿಸಿಕೊಂಡಿದ್ದರು, ಆಳೆತ್ತರದ ಸಮಾಧಿಯ ಕಲ್ಲುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಲಾಗಿದೆ. ಬೆಳಗ್ಗೆ ಎಂಟರೊಳಗೆ ಹತ್ತಿದರೆ ಯಾರೂ ಇರುವುದಿಲ್ಲ.

ನದಿಯ ಆಚೆ ದಡದಲ್ಲಿ, ಅಕ್ಕಸಾಲಿಗರ ಬೀದಿ ಮತ್ತು ಅದರ ಮುಂದುವರಿಕೆಯಲ್ಲಿ, 1781ರ ವಿನಾಯಕ ದೇವಾಲಯ, 1748ರ ಮಸೀದಿ, 17ನೆಯ ಶತಮಾನದ ಚೀನೀ ಗುಡಿ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ. ವಿನಾಯಕನ ಗುಡಿ ಮಲಕ್ಕಾ ಚೆಟ್ಟಿಗಳೆಂಬ ಸಮುದಾಯದ್ದು. ಸುಲ್ತಾನರ ಕಾಲಕ್ಕೇ ಬಂದು ನೆಲೆಸಿದ ತಮಿಳು ವರ್ತಕರ ವಂಶದವರಾದ ಇವರು ಮನೆಯಲ್ಲಿ ಮಲಯ್ ಮಾತಾಡುತ್ತಾರೆ, ಉಡುಗೆ ಅಡುಗೆಗಳಲ್ಲಿ ಮಲಯರಂತಿದ್ದಾರೆ, ಪೂಜೆ ಮಾತ್ರ ಹಳೆಯ ಕ್ರಮದ್ದೇ. ಅರ್ಚನೆಗೆ ನಿಂತವರ ನಡುವೆ ನಾನು ಅಪರಿಚಿತನಾಗಿಯೂ ಪರಿಚಿತನಾಗಿಯೂ ಇದ್ದೆ. ಸಮೀಪದ ಜೋಂಕರ್ ಬೀದಿಯಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ರಾತ್ರಿ ಸಂತೆ ಸೇರುತ್ತದೆ. ಸಂತೆ ಬೇಕೆನ್ನುವವರು ಆ ದಿನಗಳಲ್ಲಿ ಹೋಗಲಿ, ಊರು ಬೇಕೆನ್ನುವವರು ಸೋಮವಾರದಿಂದ ಗುರುವಾರದೊಳಗೆ ಹೋಗಲಿ. ಕ್ವಾಲಾಲಂಪುರದಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಾದ್ದರಿಂದ ಒಂದು ರಾತ್ರಿ ತಂಗಿದರೆ ಹೆಚ್ಚೇ ಆಯಿತು. ಇದೊಂದಕ್ಕಾಗಿಯೇ ಸಮುದ್ರ ದಾಟಿ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ.

ಜಾರ್ಜ್‌ಟೌನ್: ಇನ್ನೂ ಕೆಲಸದಲ್ಲಿರುವ ಊರು

ಜಾರ್ಜ್‌ಟೌನಿನಲ್ಲಿ ವಸಾಹತಿನ ದೊಡ್ಡ ಸ್ಮಾರಕವನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯೇ ಕಾದಿದೆ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ 1786ರ ಜುಲೈಯಲ್ಲಿ ಇಲ್ಲಿ ಇಳಿದು ಮರದ ಬೇಲಿಯ ಕೋಟೆಯೊಂದನ್ನು ಕಟ್ಟಿಸಿದ. ಆಮೇಲೆ ಅದನ್ನು ಇಟ್ಟಿಗೆಯಲ್ಲಿ ಕಟ್ಟಿದರೂ ಅಲ್ಲಿ ಯುದ್ಧವೆಂಬುದು ನಡೆಯಲೇ ಇಲ್ಲ. ಗಾಲೆಯ ಕೋಟೆಯನ್ನು ಕಂಡವರಿಗೆ ಇದು ಆಟಿಕೆಯಂತೆ ತೋರುತ್ತದೆ, ಟಿಕೆಟ್ ಕೊಂಡು ಒಳಗೆ ಹೋಗುವ ಅಗತ್ಯವೇ ಇಲ್ಲವೆಂದು ಬೇರೆಯವರಿಗೆ ಹೇಳುತ್ತೇನೆ. ಕನ್ನಡಿಗರಿಗೆ ಮಾತ್ರ ಅದರ ಹೆಸರಿಗಾಗಿ ಒಮ್ಮೆ ಹೋಗಿ ಎನ್ನುತ್ತೇನೆ: ಕಾರ್ನ್‌ವಾಲಿಸ್ ಕೋಟೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ ಕಾರ್ನ್‌ವಾಲಿಸನೇ ಇವನು. ದ್ವೀಪದ ಎದುರಿನ ಮುಖ್ಯಭೂಮಿಯ ಪಟ್ಟಿಯನ್ನು 1800ರಲ್ಲಿ ಕಂಪನಿ ಪಡೆದುಕೊಂಡು ವೆಲ್ಲೆಸ್ಲಿ ಪ್ರಾಂತವೆಂದು ಹೆಸರಿಟ್ಟಿತು. ಅದು ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಆಗಿನ ಗವರ್ನರ್ ಜನರಲನ ಹೆಸರು. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ 1797ರಲ್ಲಿ ಮನಿಲಾದ ಮೇಲೆ ದಂಡೆತ್ತಿ ಹೋಗಲೆಂದು ಪೆನಾಂಗಿನವರೆಗೆ ಬಂದು ಹಿಂದಿರುಗಿದವನು, ಎರಡು ವರ್ಷಗಳಲ್ಲಿ ಶ್ರೀರಂಗಪಟ್ಟಣದ ಆಡಳಿತಗಾರನಾದ. ಅಲ್ಲಿನ ಗಂಜಾಂನಲ್ಲಿ ಕುಳಿತು ಓದಿದ ಹೆಸರುಗಳೆಲ್ಲ ಇಲ್ಲಿ ಬೀದಿಯ ಫಲಕಗಳಲ್ಲಿ, ಭೂಪಟದಲ್ಲಿ ಎದುರಾದಾಗ, ಎರಡೂ ಕಡೆ ನಡೆದದ್ದು ಒಂದೇ ಕಂಪನಿಯ ಒಂದೇ ಲೆಕ್ಕಪುಸ್ತಕದ ವಹಿವಾಟು ಎಂಬುದು ಅರಿವಾಗುತ್ತದೆ. ದ್ವೀಪದ ಹಿಂದಿನ ಒಡೆಯನಾದ ಕೆಡಾ ರಾಜ್ಯದ ಸುಲ್ತಾನ, ಸಯಾಮಿನ (ಈಗಿನ ಥಾಯ್ಲೆಂಡಿನ) ದಾಳಿಯಿಂದ ಕಂಪನಿಯ ರಕ್ಷಣೆ ಸಿಗುತ್ತದೆಂಬ ನಂಬಿಕೆಯಲ್ಲಿ ದ್ವೀಪವನ್ನು ಕೊಟ್ಟಿದ್ದ; ಕಂಪನಿ ರಕ್ಷಣೆ ಕೊಡಲಿಲ್ಲ, 1791ರಲ್ಲಿ ಅವನು ದ್ವೀಪವನ್ನು ಮರಳಿ ಪಡೆಯಲು ಸೇನೆ ಕೂಡಿಸಿದಾಗ ಸೋಲಿಸಿ, ತಾನು ಅವನಿಗೆ ವರ್ಷಕ್ಕೆ 6,000 ಸ್ಪ್ಯಾನಿಷ್ ಡಾಲರ್ ಕೊಡುವುದಾಗಿ ಒಪ್ಪಿ ದ್ವೀಪವನ್ನು ಬರೆಸಿಕೊಂಡಿತು.

ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಜನ ಬಂದರು, ಮತ್ತು ಈ ಊರನ್ನು ನೋಡಬೇಕಾದದ್ದು ಆ ಜನರಿಗಾಗಿ. ಒಂದೇ ರಸ್ತೆಯ ಉದ್ದಕ್ಕೂ 1818ರ ಸೇಂಟ್ ಜಾರ್ಜ್ ಚರ್ಚು, ಚೀನೀಯರ ಕರುಣೆಯ ದೇವಿಯ ಗುಡಿ, 19ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿದ ಕಪಿತಾನ್ ಕ್ಲಿಂಗ್ ಮಸೀದಿ ಇವೆ. ಪಕ್ಕದ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ ದೇವಾಲಯವಿದೆ. ಚರ್ಚನ್ನು ಕಟ್ಟಿದವರು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು. ಅದರ ಬಿಳಿಯ ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವಾಗ ಆ ಸಂಗತಿ ಮನಸ್ಸಿನಲ್ಲಿರಬೇಕು. ಇಲ್ಲಿ ಯಾವುದೂ ವಸ್ತುಸಂಗ್ರಹಾಲಯವಾಗಿಲ್ಲ. ಗುಡಿಯಲ್ಲಿ ಊದುಬತ್ತಿಯ ಹೊಗೆಗೆ ಕಣ್ಣು ಉರಿಯುತ್ತದೆ, ಮಸೀದಿಯ ಸುತ್ತ ಅತ್ತರು ಮತ್ತು ಚಿನ್ನದ ವ್ಯಾಪಾರ ನಡೆದಿರುತ್ತದೆ, ಮಾರಿಯಮ್ಮನ ಗುಡಿಯ ಬಳಿ ಮಲ್ಲಿಗೆ ಕಟ್ಟುವವರು ಕುಳಿತಿರುತ್ತಾರೆ.

ಅಂಗಡಿಮನೆಗಳ ವಿಷಯವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಜಾರ್ಜ್‌ಟೌನಿನ ಸೊಗಸು ಬಹುಪಾಲು ಅವುಗಳದೇ. ಮುಂದೆ ಅಂಗಡಿ, ಹಿಂದೆ ಮತ್ತು ಮೇಲೆ ಮನೆ. ಎದುರಿನಿಂದ ಕಿರಿದಾಗಿ ಕಂಡರೂ ಒಳಗೆ ಬಹಳ ಉದ್ದ, ನಡುವೆ ಬೆಳಕಿಗೂ ಮಳೆನೀರಿಗೂ ತೆರೆದ ಅಂಗಳ. ನಮ್ಮ ತೊಟ್ಟಿಮನೆಯನ್ನು ಎರಡೂ ಬದಿಯಿಂದ ಒತ್ತಿ ಉದ್ದಕ್ಕೆ ಎಳೆದರೆ ಹೀಗಿರುತ್ತದೆ. ಪ್ರತಿ ಮನೆಯ ಮುಂದೆಯೂ ಐದಡಿ ಅಗಲದ ಮಾಡಿನ ಜಗಲಿ ಇದ್ದು ಪಕ್ಕದ ಮನೆಯ ಜಗಲಿಗೆ ಸೇರಿಕೊಳ್ಳುವುದರಿಂದ, ಮಳೆ ಸುರಿಯುತ್ತಿದ್ದರೂ ಬೀದಿಯ ಈ ತುದಿಯಿಂದ ಆ ತುದಿಗೆ ನೆನೆಯದೆ ಹೋಗಬಹುದು, ನಡುವೆ ಯಾರೂ ತಮ್ಮ ಸ್ಕೂಟರನ್ನೋ ಒಲೆಯನ್ನೋ ಇಟ್ಟಿರದಿದ್ದರೆ. 1906ರಲ್ಲಿ ಮರಳಿ ಕಟ್ಟಿದ ಖೂ ಮನೆತನದ ಕುಲಭವನವನ್ನು ಟಿಕೆಟ್ ಕೊಂಡಾದರೂ ನೋಡಬೇಕು. ಮೊದಲಿನದು ಅರಮನೆಗಿಂತ ಮಿಗಿಲಾಗಿ ಮೆರೆದದ್ದಕ್ಕೆ ದೇವತೆಗಳು ಮುನಿದು ಅದಕ್ಕೆ ಬೆಂಕಿ ಬಿತ್ತೆಂದು ಅಲ್ಲಿನವರು ಹೇಳುತ್ತಾರೆ, ಆದರೆ ತಗ್ಗಿಸಿ ಕಟ್ಟಿದ್ದೆನ್ನುವ ಈಗಿನ ಭವನವನ್ನು ಕಂಡರೆ ಆ ಮಾತು ನಂಬಲು ಕಷ್ಟವಾಗುತ್ತದೆ. ಕಡಲೊಳಗೆ ಕಂಬ ನೆಟ್ಟು ಕಟ್ಟಿದ ಚ್ಯೂ ಮನೆತನದ ಕಟ್ಟೆಗೆ ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಅದು ಜನರ ವಾಸದ ಓಣಿ, ಕಿಟಕಿಯೊಳಗೆ ಕ್ಯಾಮೆರಾ ತೂರಿಸುವವರಿಂದ ಅವರು ಬೇಸತ್ತಿದ್ದಾರೆ.

ಈ ಊರನ್ನೂ ಹೊಗಳಿ ಬಿಟ್ಟುಬಿಡುವಂತಿಲ್ಲ. 2000ದಲ್ಲಿ ಬಾಡಿಗೆ ನಿಯಂತ್ರಣ ಕಾನೂನು ಕೊನೆಗೊಂಡಾಗ ತಲೆಮಾರುಗಳಿಂದ ಕಡಿಮೆ ಬಾಡಿಗೆಗೆ ಇದ್ದ ಬಡಗಿ, ಬುಟ್ಟಿ ಹೆಣೆಯುವವರು, ಸಣ್ಣ ಅಂಗಡಿಯವರು ಬಹಳ ಮಂದಿ ಮನೆ ಬಿಡಬೇಕಾಯಿತು. ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಮನೆಗಳಿಗೆ ಹೋಟೆಲುಗಳು ಬಂದವು. 2012ರಲ್ಲಿ ಅರ್ನೆಸ್ಟ್ ಜಕಾರೆವಿಚ್ ಎಂಬ ಕಲಾವಿದ ಗೋಡೆಗಳ ಮೇಲೆ ಬಿಡಿಸಿದ ಚಿತ್ರಗಳ ಮುಂದೆ, ಸೈಕಲ್ ಮೇಲಿನ ಇಬ್ಬರು ಮಕ್ಕಳ ಚಿತ್ರದ ಮುಂದಂತೂ, ಸರದಿಯ ಸಾಲು ಇರುತ್ತದೆ. ಆ ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯಲ್ಲಿ ಹಿಂದಿನ ಬೀದಿಯೊಂದನ್ನು ನೋಡಿ ಮುಗಿಸಬಹುದು.

ಊಟ, ಮಳೆ, ದಿನಗಳ ಲೆಕ್ಕ

ಸಸ್ಯಾಹಾರಿಗಳಿಗೆ ಊಟವೇ ಆಯ್ಕೆಯನ್ನು ನಿರ್ಧರಿಸಿಬಿಡಬಹುದು. ಜಾರ್ಜ್‌ಟೌನಿನ ಲಿಟಲ್ ಇಂಡಿಯಾದಲ್ಲಿ ಬಾಳೆಲೆಯ ಊಟ, ಇಡ್ಲಿ, ದೋಸೆ ಯಾವ ಹೊತ್ತಿನಲ್ಲಿಯೂ ಸಿಗುತ್ತವೆ. ಬೌದ್ಧರ ಸಸ್ಯಾಹಾರಿ ಚೀನೀ ಹೋಟೆಲುಗಳೂ ಹಲವು. ಗಾಲೆಯಲ್ಲಿ ಅನ್ನ, ಬೇಳೆ, ಹಲಸು, ಬದನೆಯ ಪಲ್ಯಗಳ ಊಟ ನಮ್ಮ ಕರಾವಳಿಯವರ ನಾಲಿಗೆಗೆ ಕೂಡಲೇ ಒಗ್ಗುತ್ತದೆ, ಒತ್ತು ಶಾವಿಗೆಯೂ ಅಪ್ಪವೂ ಇವೆ. ಆದರೆ ಕಾಯಿತುರಿಯ ಸಂಬೋಲದಲ್ಲಿ ಒಣಮೀನಿನ ಚೂರು ಹಾಕುವುದು ರೂಢಿ, ಬಡಿಸುವ ಮುಂಚೆಯೇ ಕೇಳಬೇಕು. ಮಲೇಷ್ಯಾದಲ್ಲಿ ಅದೇ ಎಚ್ಚರಿಕೆ ಬೆಲಚಾನ್ ಎಂಬ ಸಿಗಡಿಯ ಮುದ್ದೆಯ ವಿಷಯದಲ್ಲಿ ಬೇಕು; ಬರಿಯ ಸೊಪ್ಪಿನ ಪಲ್ಯವೆಂದು ತರಿಸಿದ್ದರಲ್ಲಿಯೂ ಅದಿರುತ್ತದೆ. ಮಲಕ್ಕಾದಲ್ಲಿ ಬೆಲ್ಲದ ಪಾಕ ಸುರಿದ ಚೆಂಡೋಲ್ ಎಂಬ ತಣ್ಣನೆಯ ಸಿಹಿಯನ್ನು ತಪ್ಪಿಸಬಾರದು, ಅಲ್ಲಿನ ತೆಂಗಿನ ಬೆಲ್ಲಕ್ಕೆ ಊರಿನದೇ ಹೆಸರಿದೆ. ಮೀನು ಮಾಂಸ ತಿನ್ನುವವರಿಗೆ ಪೆನಾಂಗಿನ ಬೀದಿಯ ಊಟವೊಂದೇ ಪ್ರಯಾಣಕ್ಕೆ ಸಾಕಾದ ಕಾರಣ.

ಗಾಲೆಗೆ ಡಿಸೆಂಬರಿನಿಂದ ಏಪ್ರಿಲಿನವರೆಗೆ ಹೋಗಬೇಕು. ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿಯೂ ಮಳೆ, ಕಡಲು ಒರಟು. ಪೆನಾಂಗಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಹೆಚ್ಚು, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಡಿಮೆ. ಮಲಕ್ಕಾದಲ್ಲಿ ಮಳೆ ವರ್ಷವಿಡೀ ಹಂಚಿಕೊಂಡಿರುವುದರಿಂದ ತಿಂಗಳು ನೋಡಿ ಪ್ರಯೋಜನವಿಲ್ಲ, ಕೊಡೆ ಒಯ್ಯಬೇಕು.

ನಾಲ್ಕೇ ದಿನಗಳ ರಜೆ, ಜೊತೆಗೆ ಹಿರಿಯರು ಎಂದಾದರೆ ಗಾಲೆ. ವಾರದ ರಜೆಯಿದ್ದು ನಡೆಯುವ ಕಾಲುಗಳಿದ್ದರೆ ಜಾರ್ಜ್‌ಟೌನ್, ಅಲ್ಲಿಯೇ ನಾಲ್ಕು ರಾತ್ರಿ. ಹತ್ತು ದಿನಗಳಿದ್ದರೆ ಮಲಕ್ಕಾವನ್ನು ಮೊದಲು ಮುಗಿಸಿ, ಕ್ವಾಲಾಲಂಪುರದಿಂದ ರೈಲಿನಲ್ಲಿ ಬಟರ್‌ವರ್ತಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಪೆನಾಂಗಿಗೆ ದಾಟುವುದು ನಾನು ಹಿಡಿದ ಕ್ರಮ. 13.5 ಕಿಲೋಮೀಟರ್ ಉದ್ದದ ಸೇತುವೆ 1985ರಿಂದಲೂ ಇದೆ, ಟ್ಯಾಕ್ಸಿಯವರು ಅದರ ಮೇಲೆಯೇ ಕರೆದೊಯ್ಯುತ್ತೇವೆ ಎನ್ನುತ್ತಾರೆ. ಒಪ್ಪಬಾರದು. ದೋಣಿಯ ಹದಿನೈದಿಪ್ಪತ್ತು ನಿಮಿಷಗಳಲ್ಲಿ ಗಡಿಯಾರದ ಗೋಪುರ, ಹಳೆಯ ಸುಂಕದ ಕಟ್ಟೆ, ನೀರಿನ ಮೇಲಿನ ಮನೆಗಳು ಒಂದೊಂದಾಗಿ ಹತ್ತಿರವಾಗುತ್ತವೆ. ಇಳಿದ ಮೇಲೆ ಕೋಣೆಗೆ ಚೀಲ ಹೊತ್ತುಕೊಂಡು ನಡೆದೇ ಹೋಗಬಹುದು, ಕೋಣೆಯನ್ನು ಹಳೆಯ ಊರಿನೊಳಗೇ ಗೊತ್ತುಮಾಡಿಕೊಂಡಿದ್ದರೆ.